ಉಳಿದರ್ಧ ಬಂದವರಿಗೆ

ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿ ಈಗ ಕಚೇರಿಯಲ್ಲಿ ಕಾರಕೂನನಾಗಿರುವವನೊಬ್ಬ ಎದುರು ಬಂದು, "ಬಾನು, ನಮ್ಮ ಸರ್ ಹೋದ್ರಂತ. ದೇವರಂಥಾ ಮನುಷ್ಯಾ" ಎಂದು ಕಣ್ಣೊರೆಸಿಕೊಂಡ. ನಾನೂ ಕಣ್ಣೊರೆಸಿಕೊಳ್ಳಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ದೇವರೂ ಅಲ್ಲ, ದಿಂಡರೂ ಅಲ್ಲ. ಹಟಮಾರಿ ಮನುಷ್ಯಾ" ಎಂದುಬಿಟ್ಟೆ. ಅವನು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ಹೊರಟುಹೋದ.

ಆ ಮೇಲೆ ನನಗೇ ಬೇಜಾರಾಯಿತು. ಸತ್ತವರ ಬಗ್ಗೆ ಹಾಗೆ ಅನ್ನಬಾರದು. ಆದರೆ ಸುಳ್ಳೂ ಹೇಳಬಾರದಲ್ಲ. ಅವರ ಮೇಲಿನ ನನ್ನ ಸಿಟ್ಟು ಹದಿಹರೆಯದಲ್ಲಿ ಹುಟ್ಟಿದ್ದು, ನಾನು ಅವರ ಹಾಗೆಯೇ ಶಿಕ್ಷಕಿಯಾದ ಮೇಲೂ ಇಳಿಯಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇಂಡಿಯಿಂದ ಮುದ್ದೇಬಿಹಾಳದವರೆಗೆ ಇರುವ ಅವರ ಶಿಷ್ಯರೆಲ್ಲ ನನ್ನ ಮನೆ ಮುಂದೆ ಬಂದು ಕೂಡುತ್ತಾರೆ. ಬೇಕಿಲ್ಲ ನನಗೆ ಆ ರಗಳೆ.

ತಾಳಿಕೋಟೆ ಕಡೆಯವರು, ಆಗ ನಮ್ಮ ಸಿಂದಗಿಯ ಹೈಸ್ಕೂಲಿನಲ್ಲಿದ್ದರು. ಎತ್ತರದ ಆಳು, ಕಚ್ಚೆ ಧೋತರ, ಮೊಣಕೈ ಹತ್ತಿರ ಬಣ್ಣಗೆಟ್ಟ ಕರಿ ಕೋಟು, ತಲೆಗೆ ಟೊಪ್ಪಿಗೆ. ಒಂದು ಸೈಕಲ್ ಇತ್ತು. ಅದನ್ನು ಅವರು ಹತ್ತಿದ್ದನ್ನು ನಾನಂತೂ ನೋಡಿಲ್ಲ. ಊರ ತುಂಬ ಅದನ್ನು ನೂಕಿಕೊಂಡೇ ಓಡಾಡುತ್ತಿದ್ದರು. ಹಿಂದಿನ ಕ್ಯಾರಿಯರಿಗೆ ಸುತಳಿಯಿಂದ ಕಟ್ಟಿದ ಪುಸ್ತಕದ ಗಂಟು. "ಸರ್, ಹತ್ರಲ್ಲ" ಎಂದು ಯಾರಾದರೂ ಚೇಷ್ಟೆ ಮಾಡಿದರೆ, "ಹತ್ತಿದ್ರ ಜಲ್ದಿ ಮನಿ ಮುಟ್ಟತೇನಿ. ದಾರ್ಯಾಗ ಸಾಲಿ ತಪ್ಪಿಸಿ ಅಡ್ಡಾಡೋ ಮಂಗ್ಯಾಗಳು ಹೆಂಗ ಸಿಗ್ತಾವು ನನಗ?" ಅನ್ನುತ್ತಿದ್ದರು. ನಶ್ಯ ಏರಿಸುವ ಚಟ. ಪಾಠದ ನಡುವೆ ಡಬ್ಬಿ ತೆಗೆದು, ಚಿಟಿಕೆ ಹಿಡಿದು, ಏರಿಸದೆ ಹಾಗೇ ಹಿಡಿದುಕೊಂಡು ಪೂರ್ತಿ ಪದ್ಯ ಮುಗಿಸುವರು. ಕನ್ನಡ ಮತ್ತು ಇತಿಹಾಸ ಹೇಳುತ್ತಿದ್ದರು. ಚೆನ್ನಾಗಿಯೇ ಹೇಳುತ್ತಿದ್ದರು. ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಬೇಸಿಗೆ ಸೂಟಿಯದು.

ಏಪ್ರಿಲ್‌ನಲ್ಲಿ ಸಾಲೆ ಬಿಡುವ ದಿನ ಹೈಸ್ಕೂಲಿನ ಪ್ರತಿಯೊಬ್ಬರಿಗೂ ಅವರು ಸೂಟಿಯಲ್ಲಿ ಓದಲು ಒಂದು ಪುಸ್ತಕ ಕೊಡುತ್ತಿದ್ದರು. ಸಾಲೆಯ ಪುಸ್ತಕವಲ್ಲ, ತಮ್ಮ ಸ್ವಂತದ್ದು. ಬಿಜಾಪುರಕ್ಕೆ, ಸೊಲ್ಲಾಪುರಕ್ಕೆ ಹೋದಾಗೆಲ್ಲ ಹಳೆಯ ಪುಸ್ತಕ ಹೊತ್ತು ತರುತ್ತಿದ್ದರು. ಕತೆ, ಕಾದಂಬರಿ, ಪ್ರವಾಸ, ಯಾರದೋ ಚರಿತ್ರೆ, ಏನು ಸಿಕ್ಕರೆ ಅದು. ಆದರೆ ನಮಗೆ ಇಡೀ ಪುಸ್ತಕ ಕೊಡುತ್ತಿರಲಿಲ್ಲ. ಕೋಟಿನ ಕಿಸೆಯಲ್ಲಿ ಒಂದು ತೆಳ್ಳನೆಯ ಚೂರಿ ಇತ್ತು. ಅದರಿಂದ ಬೈಂಡಿನ ದಾರ ಕತ್ತರಿಸಿ ಪುಸ್ತಕವನ್ನು ಸರಿ ನಡುವೆ ಸೀಳಿ, ಎರಡಕ್ಕೂ ಹಿಟ್ಟು ಕುದಿಸಿದ ಅಂಟಿನಿಂದ ಸುದ್ದಿಪತ್ರಿಕೆಯ ರಟ್ಟು ಹಾಕುವರು. ಮೊದಲನೆಯ ಅರ್ಧ ನಮಗೆ. ಎರಡನೆಯ ಅರ್ಧ ಅವರ ಕೋಣೆಯ ಗಾಜಿನ ಕಪಾಟಿನಲ್ಲಿ, ನಮ್ಮ ನಮ್ಮ ಹೆಸರು ಬರೆಸಿಕೊಂಡು ನಿಲ್ಲುವುದು. "ಉಳಿದರ್ಧ ಜೂನ್ ತಿಂಗಳ. ಬಂದವರಿಗೆ ಐತಿ" ಎನ್ನುವುದು ಅವರ ಮಾತು. ಕತೆ ಎಲ್ಲಿಗೆ ಬಂದಿದೆ ಎಂದು ನೋಡುವ ಜಾಯಮಾನವೇ ಅವರದಲ್ಲ. ಎಲ್ಲಿ ಹಾಳೆಗಳ ಕಟ್ಟು ಮುಗಿಯಿತೋ ಅಲ್ಲಿ ಚೂರಿ. ವಾಕ್ಯದ ನಡುವೆ ಬಂದರೂ ಸರಿ, ಕಡಿದದ್ದೇ.

ಊರಲ್ಲಿ ಅವರಿಗೆ ಅರ್ಧ ಮಾಸ್ತರ ಎಂದೇ ಹೆಸರು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಕಪಾಟಿನ ಮುಂದೆ ನಿಂತು, "ಏನ್ರೀ ಇದು, ಪುಸ್ತಕದ ಖೂನಿ ಮಾಡಿಟ್ಟೀರಿ?" ಎಂದು ಹೌಹಾರಿದ್ದರಂತೆ. ಇವರು ನಿಧಾನಕ್ಕೆ ನಶ್ಯ ಏರಿಸಿ, "ಖೂನಿ ಅಲ್ರಿ ಸಾಹೇಬ್ರ, ಒತ್ತಿ ಇಟ್ಟುಕೊಂಡೇನಿ" ಅಂದರಂತೆ. ಒತ್ತಿ ಇಟ್ಟುಕೊಳ್ಳುವುದೆಂದರೆ ಅಡವು. ನಮ್ಮ ಕುತೂಹಲ ಅವರಲ್ಲಿ ಅಡವು, ಬಿಡಿಸಿಕೊಳ್ಳಬೇಕೆಂದರೆ ಜೂನ್‌ನಲ್ಲಿ ಹಾಜರಾಗಬೇಕು.

ಯಾಕೆ ಹಾಗೆ ಮಾಡುತ್ತಿದ್ದರು ಎಂದು ಆಗ ನಮಗೆ ಹೊಳೆದಿರಲಿಲ್ಲ. ಜೂನ್‌ನಲ್ಲಿ ಸಾಲೆ ತೆರೆದಾಗ ಬೆಂಚುಗಳು ಖಾಲಿ ಇರುತ್ತಿದ್ದವು. ಕೆಲವರು ಸೊಲ್ಲಾಪುರದ ಗಿರಣಿಗೆ, ಕೆಲವರು ಅಪ್ಪನ ಅಂಗಡಿಗೆ, ಹುಡುಗಿಯರು ಗಂಡನ ಮನೆಗೆ. ಸೂಟಿ ಎಂಬ ತೂತಿನಲ್ಲಿ ಮಕ್ಕಳು ಸೋರಿ ಹೋಗುತ್ತಿದ್ದರು. ಅದಕ್ಕೆ ಅವರು ಹಚ್ಚಿದ ತೇಪೆ ಇದು. ಈಗ ಕೇಳಿದರೆ ಭಾರಿ ಜಾಣತನ ಅನ್ನಿಸುತ್ತದೆ. ಅರ್ಧ ಕತೆ ಕೈಯಲ್ಲಿ ಹಿಡಿದು ಮೇ ತಿಂಗಳ ಬಿಸಿಲಲ್ಲಿ ಕೂತವರನ್ನು ಕೇಳಿದರೆ ಬೇರೆ ಹೇಳುತ್ತಾರೆ.

ನಾನು ಒಂಬತ್ತನೆಯ ಇಯತ್ತೆ ಮುಗಿಸಿದ ಬೇಸಿಗೆ. ಏಕೀಕರಣ ಇನ್ನೂ ಆಗಿರಲಿಲ್ಲ, ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಆ ವರ್ಷಗಳಲ್ಲಿ ರಮಜಾನ್ ತಿಂಗಳು ಬೇಸಿಗೆಯಲ್ಲೇ ಬರುತ್ತಿತ್ತು. ಉಪವಾಸದ ಮಧ್ಯಾಹ್ನ ಮುಗಿಯುವುದೇ ಇಲ್ಲ. ಈದಿನ ಶೀರಕುರ್ಮಾಕ್ಕೆ ಶ್ಯಾವಿಗೆ ಬೇಕಲ್ಲ, ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸೇರಿ ಹೊಸೆಯುತ್ತಿದ್ದರು. ಇಂದು ನಮ್ಮ ಮನೆಯದು, ನಾಳೆ ಪಕ್ಕದ ಗೌಡರ ಮನೆಯದು. ಅವರಿಗೆ ಮದುವೆ ಸುಗ್ಗಿಗೆ ಬೇಕು, ನಮಗೆ ಹಬ್ಬಕ್ಕೆ ಬೇಕು. ನನ್ನ ಕೈಯ ಎಳೆ ಯಾವಾಗಲೂ ದಪ್ಪ. ದಾದಿ, ಅಂದರೆ ಅಬ್ಬಾನ ತಾಯಿ, ಅದನ್ನು ನೋಡಿ, "ತೌಬಾ, ಇದು ಶ್ಯಾವಿಗಿ ಅಲ್ಲ, ಎತ್ತಿನ ಹಗ್ಗ. ನೀ ಹಿಟ್ಟು ಮುಟ್ಟಬ್ಯಾಡ, ಓದು" ಎಂದು ಎಬ್ಬಿಸಿದಳು.

ಹಾಗೆ ಓದಲು ಕೂತೆ. ನನ್ನ ಜೊತೆ ನೀಲವ್ವನೂ ಕೂತಳು. ನಮ್ಮ ವರ್ಗದಲ್ಲಿ ಇದ್ದ ಹುಡುಗಿಯರೆಂದರೆ ನಾವಿಬ್ಬರೇ. ಆಕೆ ಪಕ್ಕದ ಗೌಡರ ಮಗಳು. ಅವಳ ಎಳೆ ಕೂದಲಿನಂತೆ ಸಣ್ಣ. ಆದರೂ ತನ್ನ ಅರ್ಧ ಪುಸ್ತಕ ತಂದು, "ನನ್ನದೂ ಓದೂದೈತಿ" ಎಂದು ಹಿಟ್ಟಿನ ಕೈ ತೊಳೆದುಬರುತ್ತಿದ್ದಳು. ನಾನು ಓದಿ ದಣಿದರೆ ಅವಳು, ಅವಳು ದಣಿದರೆ ನಾನು. ಉಪವಾಸ ನನಗೆ, ಆದರೆ ನನ್ನ ಎದುರಿಗೆ ನೀರು ಕುಡಿಯಬಾರದೆಂದು ಅವಳೂ ಗಂಟಲು ಒಣಗಿಸಿಕೊಂಡೇ ಓದುವಳು.

ನನ್ನ ಪುಸ್ತಕದಲ್ಲಿ ಒಂದು ದೊಡ್ಡ ಮನೆಯಲ್ಲಿ ನವರತ್ನದ ಸರ ಕಳುವಾಗಿತ್ತು. ಅಡುಗೆಯವನ ಮೇಲೆ ಎಲ್ಲರ ಕಣ್ಣು. ದಾದಿಗೆ ಮಾತ್ರ ಅಳಿಯನ ಮೇಲೆ ಗುಮಾನಿ. "ಆ ಅಳಿಯಾ ಮೆಲ್ಲಕ ಮಾತಾಡ್ತಾನ ನೋಡು. ಮೆಲ್ಲಕ ಮಾತಾಡೋ ಗಂಡಸರನ್ನ ನಂಬಬಾರದು" ಎಂದು ಶ್ಯಾವಿಗೆ ಮಣೆ ಬಡಿದು ಹೇಳುವಳು. ನೀಲವ್ವನ ಪುಸ್ತಕ ಬೇರೆ ತರಹದ್ದು. ವ್ಯಾಪಾರಸ್ಥನ ಮಗಳೊಬ್ಬಳು, ದೂರದ ಬಂದರಿಗೆ ಹೋಗಿ ಸುದ್ದಿಯಿಲ್ಲದಾದ ತಮ್ಮನನ್ನು ಹುಡುಕುತ್ತ ಒಬ್ಬಳೇ ಮನೆ ಬಿಟ್ಟು ಹೊರಡುತ್ತಾಳೆ. ಒಬ್ಬಳೇ ಹೊರಡುತ್ತಾಳೆ ಎನ್ನುವಲ್ಲಿ ಹೆಂಗಸರ ಕೈ ನಿಂತಿದ್ದು ನನಗೆ ನೆನಪಿದೆ. ನದಿ ತುಂಬಿ ಹರಿಯುತ್ತಿದೆ, ಅಂಬಿಗ ದೋಣಿ ಬಿಡಲು ಒಪ್ಪುವುದಿಲ್ಲ, ಹಿಂದೆ ಅಪ್ಪನ ಆಳುಗಳು ಬೆನ್ನಟ್ಟಿ ಬರುತ್ತಿದ್ದಾರೆ. ಅವಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗೆ ಕಾಲಿಡುತ್ತಾಳೆ. "ಅಷ್ಟರಲ್ಲಿ ಹಿಂದಿನಿಂದ" ಎನ್ನುವಲ್ಲಿಗೆ ಹಾಳೆ ಮುಗಿದಿತ್ತು.

ಪಡಸಾಲೆಯಲ್ಲಿ ಗುಲ್ಲೋ ಗುಲ್ಲು. "ಹಿಂದಿನಿಂದ ಏನು? ಯಾರು?" ದಾದಿಯಂತೂ ಪುಸ್ತಕ ಕಸಿದು ತಿರುವಿ ನೋಡಿದಳು, ಅಕ್ಷರ ಬಾರದಿದ್ದರೂ. "ಎಂಥಾ ಮಾಸ್ತರ ಅವಾ, ಅರ್ಧಾ ಊಟಕ್ಕ ಎಬ್ಬಸ್ತಾನ" ಎಂದು ಬಯ್ದಳು.

ಅದೇ ತಿಂಗಳಲ್ಲಿ ಇಂಡಿಯಿಂದ ನನಗೊಂದು ಸಂಬಂಧ ಬಂದಿತ್ತು. ಹಬ್ಬವಾದ ಮೇಲೆ ಮಾತು ಮುಗಿಸೋಣ ಎಂದು ಅಬ್ಬಾ ಅನ್ನುತ್ತಿದ್ದರು. ಮನೆಯಲ್ಲಿ ಕೊನೆಯ ಮಾತು ದಾದಿಯದು. ಆಕೆ ತಸಬೀ ಮಣಿ ಎಣಿಸುತ್ತ, "ಜೂನ್ ತಿಂಗಳ ಈಕಿ ಸಾಲಿಗೆ ಹೋಗ್ಲಿ. ಸರಾ ಕದ್ದವರು ಯಾರಂತ ಗೊತ್ತಾಗ್ಲಿ. ಆಮ್ಯಾಲ ನೋಡೂಣು" ಎಂದುಬಿಟ್ಟಳು. ಅಬ್ಬಾ ನಕ್ಕರು, ಆಕೆ ನಗಲಿಲ್ಲ. ಇಂಡಿಯವರು ಕಾದು ಕಾದು ಬೇರೆ ಕಡೆ ಹೆಣ್ಣು ತಂದರು. ಸರ ಕದ್ದವನು ಅಳಿಯನೂ ಅಲ್ಲ, ಅಡುಗೆಯವನೂ ಅಲ್ಲ. ದಾದಿಗೆ ಅದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಆದರೆ ಅಷ್ಟರಲ್ಲಿ ನಾನು ಹತ್ತನೆಯ ಇಯತ್ತೆಯಲ್ಲಿ ಕೂತಾಗಿತ್ತು, ಮರುವರ್ಷದ ಸೂಟಿಗೆ ಮತ್ತೊಂದು ಅರ್ಧ ಬಂತು, ದಾದಿಗೆ ಮತ್ತೊಂದು ಗುಮಾನಿ ಹುಟ್ಟಿತು. ಹೀಗೆ ನಾನು ಮ್ಯಾಟ್ರಿಕ್ ಪಾಸಾದೆ. ನಾಲ್ಕಕ್ಷರ ಕಲಿತು ನನ್ನ ಕಾಲ ಮೇಲೆ ನಿಂತದ್ದು ಆ ಚೂರಿಯಿಂದ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನೀಲವ್ವನ ಮನೆಯಲ್ಲಿ ಮಾತು ಹಾಗೆ ನಡೆಯಲಿಲ್ಲ. ಗೌಡರು ಕೆಟ್ಟವರಲ್ಲ, ಬಡವರೂ ಅಲ್ಲ. ಚಡಚಣದಲ್ಲಿ ಒಳ್ಳೆಯ ಮನೆತನ ಸಿಕ್ಕಿತು, ವೈಶಾಖದಲ್ಲಿ ಮುಗಿಸಿಬಿಟ್ಟರು. ನಮ್ಮ ಪಡಸಾಲೆಯಲ್ಲಿ ಅವಳೇ ಹೊಸೆದ ಶ್ಯಾವಿಗೆಯೇ ಅವಳ ಮದುವೆಯ ಊಟಕ್ಕೆ ಬಂತು. ಹೊರಡುವಾಗ ನನ್ನನ್ನು ಒಳಗೆ ಕರೆದು, ಸೀರೆಗಳ ನಡುವೆ ಇಟ್ಟ ಅರ್ಧ ಪುಸ್ತಕ ತೋರಿಸಿ, "ಬಾನು, ಉಳಿದದ್ದು ಇಸಗೊಂಡು ಕಳಸಬೇ" ಎಂದಳು. ಅತ್ತಳೋ ಇಲ್ಲವೋ ನೆನಪಿಲ್ಲ. ಆ ಮಾತು ನೆನಪಿದೆ.

ಸಾಲೆ ತೆರೆದ ದಿನವೇ ಅವರ ಕೋಣೆಗೆ ಹೋದೆ.

"ಸರ್, ನೀಲವ್ವಂದು ಉಳಿದರ್ಧಾ ಕೊಡ್ರಿ. ನಾ ಮುಟ್ಟಸ್ತೇನಿ."

"ಆಕಿ ಬಂದಾಳೇನು?"

"ಆಕಿ ಲಗ್ನ ಆತಲ್ರಿ ಸರ್."

"ಗೊತ್ತೈತಿ. ಬುಂದೇದ ಲಾಡು ತಿಂದು ಅಕ್ಷತಾ ಹಾಕಿ ಬಂದೇನಿ. ಆಕಿ ಬಂದಾಳೇನು ಅಂತ ಕೇಳಿದೆ."

"ಹೆಂಗ ಬರ್ತಾಳ್ರಿ ಸರ್?"

"ಹಂಗಾರ ಅದು ಇಲ್ಲೇ ಇರ್ತೈತಿ. ಬಂದವರಿಗೆ ಐತಿ."

ಕಪಾಟಿನ ಗಾಜಿನ ಹಿಂದೆ ಅದು ಕಾಣುತ್ತಿತ್ತು. ನೀಲವ್ವ ಎಂದು ಅವರ ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಕೈಗೆ ಸಿಗುವಷ್ಟು ಹತ್ತಿರ. ಆ ದಿನ ನನಗೆ ಬಂದ ಸಿಟ್ಟು ಎಂಥದೆಂದರೆ, ಗಾಜು ಒಡೆಯಬೇಕು ಅನ್ನಿಸಿತು. ಲಾಡು ತಿನ್ನಲು ಹೋದವರು ಗೌಡರಿಗೆ ಒಂದು ಮಾತು ಹೇಳಲಿಲ್ಲವಲ್ಲ! ದೊಡ್ಡವರ ಮುಂದೆ ಬಾಯಿ ಇಲ್ಲ, ಹುಡುಗಿಯ ಪುಸ್ತಕದ ಮೇಲೆ ಮಾತ್ರ ಕಾಯಿದೆ.

ದಾದಿ ಅಷ್ಟಕ್ಕೆ ಬಿಡುವವಳಲ್ಲ. ಅವಳಿಗೂ ನದಿಯ ದಂಡೆಯಲ್ಲಿ ನಿಂತವಳ ಚಿಂತೆ. ಒಂದು ಸಂಜೆ ಅವರು ಸೈಕಲ್ ನೂಕುತ್ತ ನಮ್ಮ ಓಣಿಯಲ್ಲಿ ಬರುವಾಗ ಬಾಗಿಲಲ್ಲೇ ತಡೆದಳು.

"ಮಾಸ್ತರ, ಪುಸ್ತಕ ಇಟ್ಟುಕೊಳ್ರಿ. ಆ ಹುಡುಗಿ ಹೊಳಿ ದಾಟಿದಳೋ ಇಲ್ಲೋ, ಅಷ್ಟರ ಹೇಳ್ರಿ."

ಅವರು ಸೈಕಲ್ ನಿಲ್ಲಿಸಿ, ಬಹಳ ಮರ್ಯಾದೆಯಿಂದ, "ನೀಲವ್ವನ್ನ ಕಳಸ್ರಿ ಅಮ್ಮಾರ. ಆಕಿನ ಓದಿ ಹೇಳ್ತಾಳ" ಅಂದರು.

"ಗಂಡನ ಮನಿ ಸೇರಿದಾಕಿನ್ನ ನಾ ಎಲ್ಲಿಂದ ಕಳಸ್ಲಿ? ನಿಮ್ಮ ಎದ್ಯಾಗೇನು ಕಲ್ಲು ಐತೇನ್ರಿ?"

"ಇರಬೇಕ್ರಿ" ಎಂದು ಅವರು ಸೈಕಲ್ ನೂಕಿಕೊಂಡು ಹೋದರು. ದಾದಿ ಅವರು ತಿರುವಿನಲ್ಲಿ ಮರೆಯಾಗುವವರೆಗೂ ಬಯ್ಯುತ್ತಿದ್ದಳು. ನದಿ ದಾಟಿದಳೋ ಇಲ್ಲವೋ ತಿಳಿಯದೆಯೇ ಆಕೆ ಕೆಲವು ವರ್ಷಗಳ ನಂತರ ತೀರಿಕೊಂಡಳು. ಅದನ್ನೂ ನಾನು ಅವರ ಲೆಕ್ಕಕ್ಕೇ ಬರೆದಿದ್ದೇನೆ.

ಆ ಮೇಲೆ ಅವರಿಗೆ ಇಂಡಿಗೆ ವರ್ಗವಾಯಿತು, ಅಲ್ಲಿಂದ ಮುದ್ದೇಬಿಹಾಳಕ್ಕೆ. ಹೋದಲ್ಲೆಲ್ಲ ಹೊಸ ಮಕ್ಕಳು, ಹೊಸ ಅರ್ಧಗಳು. ಯಾರೂ ಬಂದು ಒಯ್ಯದ ಹಳೆಯ ಅರ್ಧಗಳನ್ನು ಒಂದು ಕಬ್ಬಿಣದ ಟ್ರಂಕಿನಲ್ಲಿ ತುಂಬಿ ಬಸ್ಸಿನ ಮೇಲೆ ಹಾಕಿಸಿಕೊಂಡು ತಿರುಗುತ್ತಿದ್ದರು. ಸಂಸಾರದ ಸಾಮಾನು ಕಮ್ಮಿ, ಈ ಟ್ರಂಕೇ ಭಾರ. ಇಂಡಿಯಲ್ಲಿದ್ದಾಗಿನ ಒಂದು ಸಂಗತಿಯನ್ನು ಜನ ಇಂದಿಗೂ ಹೇಳುತ್ತಾರೆ. ನಡುವೆ ಸಾಲೆ ಬಿಟ್ಟು ಬಸ್ ಕಂಡಕ್ಟರ್ ಆಗಿದ್ದ ಶಿಷ್ಯನೊಬ್ಬ ಝಳಕಿ ದಾರಿಯಲ್ಲಿ ಇವರನ್ನು ಕಂಡು, "ಸರ್, ನನ್ನ ಅರ್ಧಾ ಇನ್ನೂ ಐತೇನ್ರಿ?" ಎಂದು ಕೇಳಿದ. "ಐತಿ. ಸಾಲಿಗೆ ಬಾ" ಅಂದರು. ಅವನು ತನ್ನ ರಜೆಯ ದಿನ ಖಾಕಿ ಬಟ್ಟೆಯಲ್ಲೇ ಬಂದು, ಮೀಸೆ ಹೊತ್ತು, ಎಂಟನೆಯ ಇಯತ್ತೆಯ ಸಣ್ಣ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತ. ಹುಡುಗರೆಲ್ಲ ನಕ್ಕರು. ಇವರು ನಗಲಿಲ್ಲ. ಪಾಠ ಮುಗಿಯುವವರೆಗೆ ಕೂಡಿಸಿ, ಆ ಮೇಲೆ ಉಳಿದರ್ಧ ಕೈಗಿಟ್ಟರಂತೆ.

ಈ ಕತೆಯನ್ನು ಕೇಳಿ ಎಲ್ಲರೂ ಆಹಾ ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಅವನು ಗಂಡಸು, ಬಸ್ಸೇ ಅವನ ಕೈಯಲ್ಲಿತ್ತು. ಬಂದ, ಕೂತ, ಒಯ್ದ. ನೀಲವ್ವ ಯಾರನ್ನು ಕೇಳಿ ಬರಬೇಕಿತ್ತು?

ನಾನು ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿ ಮುದ್ದೇಬಿಹಾಳದಲ್ಲಿ ಹಿಂದಿ ಟೀಚರ್ ಆಗಿ ಸೇರಿದಾಗ ನೋಡುತ್ತೇನೆ, ಸ್ಟಾಫ್ ರೂಮಿನ ಮೂಲೆಯಲ್ಲಿ ಅವರೇ. ಎದುರಿಗೆ ಟ್ರಂಕು. ನನ್ನನ್ನು ಗುರುತಿಸಿ, "ಬಾ ಬಾನು. ಕೂಡು" ಅಂದರು. ಕೂಡುವ ಮೊದಲೇ ನಾನು ಟ್ರಂಕಿನ ಕಡೆ ಕೈ ತೋರಿಸಿದೆ. "ಆಕಿ ಬಂದಾಳೇನು?" ಅಂದರು. ಇಷ್ಟು ವರ್ಷದ ಮೇಲೆ ಮೊದಲ ಭೇಟಿಯಲ್ಲೇ ನಮ್ಮ ಜಗಳ ನಿಂತಲ್ಲಿಂದ ಮುಂದುವರಿಯಿತು.

ಸಹೋದ್ಯೋಗಿಯಾಗಿ ಅವರು ವಿದ್ಯಾರ್ಥಿಗಳಿಗಿಂತ ನನ್ನನ್ನು ಹೆಚ್ಚು ದಣಿಸಿದರು. ಒಂದು ವರ್ಷ ನಾನು ಹಟ ಹಿಡಿದು ನನ್ನ ವರ್ಗದವರಿಗೆ ಇಡೀ ಪುಸ್ತಕ ಕೊಟ್ಟೆ. ಅರ್ಧದ ಆಟ ಬೇಡ, ಮಕ್ಕಳನ್ನು ನಂಬೋಣ ಎಂದು ಭಾಷಣವನ್ನೂ ಬಿಗಿದೆ. ಜೂನ್‌ನಲ್ಲಿ ಪುಸ್ತಕಗಳು ಬಂದವು. ಒಂದರ ಮೇಲೆ ಹಾಲಿನ ಪಾತ್ರೆಯ ವರ್ತುಲ. ಒಂದನ್ನು ತೊಟ್ಟಿಲ ಕಾಲಿಗೆ ಕೊಟ್ಟಿದ್ದರಂತೆ, ನಡುವೆ ಗುಳಿ ಬಿದ್ದಿತ್ತು. ಬಹಳಷ್ಟು ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಪುಸ್ತಕಗಳಾದರೂ ಬಂದವು, ಕೆಲವರು ಬರಲೇ ಇಲ್ಲ. ಸರ್ ನನ್ನ ಮೇಜಿನ ಮುಂದೆ ನಿಂತು ಆ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನೂ ಆಡಬಹುದಿತ್ತು. ಅವರು ಹೇಳುವುದು ತಪ್ಪೆಂದು ಸಾಬೀತು ಮಾಡಲು ಬಂದವಳಿಗೆ ಹೀಗಾದರೆ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು?

ಒಮ್ಮೆ ಮಾತ್ರ ಅವರ ಬಾಯಿ ಬಿಡಿಸಿದೆ. ಪರೀಕ್ಷೆಯ ಪೇಪರ್ ತಿದ್ದುತ್ತ ಇಬ್ಬರೇ ಕೂತಿದ್ದೆವು. "ನೀಲವ್ವಗ ಮಕ್ಕಳಾದ್ರು ಸರ್. ಆಕಿ ಇನ್ನ ಬರಂಗಿಲ್ಲ. ಕೊಟ್ಟಬಿಟ್ರ ನಿಮ್ಮ ಗಂಟೇನು ಹೋಗ್ತೈತಿ?" ಎಂದೆ.

ಹಿಡಿದಿದ್ದ ಚಿಟಿಕೆ ನಶ್ಯವನ್ನು ಏರಿಸದೆ ಡಬ್ಬಿಗೇ ಹಾಕಿದರು. "ಕೊಟ್ಟೆ ಅಂದ್ರ, ಆಕಿ ಬರಂಗಿಲ್ಲಂತ ನಾನ ಒಪ್ಪಿಕೊಂಡಂಗ ಆತು" ಅಂದರು.

"ಅದು ನಿಮ್ಮ ಸಮಾಧಾನ ಆತು. ಆಕಿಗೇನು ಬಂತು?"

ಅವರು ಪೆನ್ಸಿಲು ಎತ್ತಿಕೊಂಡು ಪೇಪರ್ ತಿದ್ದತೊಡಗಿದರು. ಆ ದಿನ ಅವರು ನನಗೆ ತುಂಬ ಮುದುಕರಾಗಿ ಕಂಡರು. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವರ ಕೊನೆಯ ವರ್ಗಾವಣೆ ಬಸವನ ಬಾಗೇವಾಡಿಗೆ. ಆ ವರ್ಷ ನಿವೃತ್ತಿ. ಏಪ್ರಿಲ್‌ನಲ್ಲಿ ನಾನು ಸೂಟಿಗೆ ಸಿಂದಗಿಗೆ ಬಂದಾಗ ನೀಲವ್ವನೂ ತವರಿಗೆ ಬಂದಿದ್ದಳು. ಜೊತೆಗೆ ದೊಡ್ಡ ಮಗಳು, ಏಳನೆಯ ಇಯತ್ತೆ ಪಾಸಾದವಳು. ನೀಲವ್ವ ದಪ್ಪಗಾಗಿದ್ದಳು, ನಗು ಮಾತ್ರ ಹಾಗೇ ಇತ್ತು. ಸರ್ ರಿಟೈರ್ ಆಗುತ್ತಾರೆ, ಇನ್ನು ಟ್ರಂಕು ಎಲ್ಲಿ ಹೋಗುತ್ತದೋ ಎಂದು ನಾನು ಗೊಣಗಿದೆ. ಆಕೆ ಬೀಸುತ್ತಿದ್ದ ಬೀಸಣಿಕೆ ನಿಲ್ಲಿಸಿದಳು.

"ನಂದು ಇನ್ನೂ ಐತೇನ ಅದರಾಗ?"

"ಇರದ ಎಲ್ಲಿ ಹೋಗ್ತೈತಿ? ಆ ಮನುಷ್ಯಾ ಬಿಡೋ ಪೈಕಿ ಅಲ್ಲ."

"ಹಂಗಾರ ನಡಿ" ಎಂದಳು. ಅಷ್ಟೇ. ಇಷ್ಟು ವರ್ಷ ನಾನು ಹೊತ್ತು ತಿರುಗಿದ್ದನ್ನು ಆಕೆ ಸಂತೆಗೆ ಹೋಗಿ ಬರುವಷ್ಟು ಸರಳವಾಗಿ ಹೇಳಿದಳು. ಗಂಡ ಚಡಚಣದಲ್ಲಿ, ಅಪ್ಪನಿಗೆ ಈಗ ಕಣ್ಣು ಮಂಜು. ಅಣ್ಣನಿಗೆ, "ಬಾಗೇವಾಡಿಗೆ ಬಸವಣ್ಣನ ಗುಡಿಗೆ ಹೋಗಿ ಬರ್ತೇವಿ" ಅಂದಳು. ಮರುದಿನ ಬೆಳಗ್ಗೆ ಮೂವರೂ ಬಸ್ ಹತ್ತಿದೆವು.

ಸಾಲೆ ಬಿಟ್ಟು ಖಾಲಿಯಾಗಿತ್ತು. ಅವರು ಕೋಣೆಯಲ್ಲಿ ಒಬ್ಬರೇ ಕೂತು ಸಾಮಾನು ಕಟ್ಟುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ನೀಲವ್ವ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

"ಸರ್, ಬಂದೇನಿ."

ಅವರು ತಲೆಯೆತ್ತಿ ನೋಡಿದರು. ಯಾರೆಂದು ಕೇಳಲಿಲ್ಲ. ಎದ್ದು ಟ್ರಂಕು ತೆರೆದು, ಹುಡುಕದೆ, ಒಂದು ಬದಿಯಿಂದ ನೇರ ಎಳೆದು ತೆಗೆದರು. ಸುದ್ದಿಪತ್ರಿಕೆಯ ರಟ್ಟು ಹಳದಿಯಾಗಿತ್ತು, ನೀಲವ್ವ ಎಂಬ ಅಕ್ಷರ ಮಸುಕಾಗಿತ್ತು. "ಹೊಳಿ ದಂಡಿಮ್ಯಾಲ ನಿಂತಿದ್ದಳಲ್ಲ" ಎಂದು ಕೈ ಚಾಚಿದರು. ಅವರ ಮುಖದ ಮೇಲಿನ ಸಂತೋಷ ನನಗೆ ನೋಡಲಾಗಲಿಲ್ಲ. ಗೆದ್ದೆ ಎಂದುಕೊಂಡಿದ್ದರು.

ನೀಲವ್ವ ತೆಗೆದುಕೊಳ್ಳಲಿಲ್ಲ. ತವರಿಗೆ ಬರುವಾಗಲೂ ಜೊತೆಗೇ ತರುತ್ತಿದ್ದ, ಖಣದಲ್ಲಿ ಸುತ್ತಿದ್ದ ಮೊದಲನೆಯ ಅರ್ಧವನ್ನು ತನ್ನ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಹಾಳೆಗಳ ಅಂಚು ಮೆತ್ತಗಾಗಿತ್ತು, ಎಷ್ಟು ಸಲ ತಿರುವಿದ್ದಳೋ.

"ನಂದು ನಾನ ಮುಗಿಸೇನ್ರಿ ಸರ್. ನನ್ನ ಮಕ್ಕಳಿಗೆಲ್ಲಾ ಈ ಕತಿ ಹೇಳೇನಿ. ಅರ್ಧಾ ಹೇಳಿ ಮಲಗ್ರಿ ಅಂದ್ರ ಕೂಸುಗಳು ಕೇಳ್ತಾವೇನ್ರಿ? ನನಗೆ ತಿಳಿದಂಗ ಮುಗಿಸೇನಿ. ಈಗ ನಿಮ್ಮದು ತೊಗೊಂಡು ಏನ ಮಾಡ್ಲಿ?"

ಅವರ ಕೈ ಚಾಚಿದಂತೆಯೇ ಇತ್ತು.

"ಈಕಿ ನನ್ನ ಮಗಳ್ರಿ. ಜೂನ್‌ದಾಗ ಹೈಸ್ಕೂಲು. ಈಕಿಗೆ ಅರ್ಧಾ ಕೊಡಬ್ಯಾಡ್ರಿ ಸರ್. ಇಡೀದು ಕೊಡ್ರಿ. ಬರೂದು ಬಿಡೂದು ನಮ್ಮ ಕೈಯಾಗ ಇರಂಗಿಲ್ರಿ. ಪುಸ್ತಕರ ಪೂರ್ತಿ ಇರ್ಲಿ."

ಇದನ್ನು ಆಕೆ ಸಿಟ್ಟಿನಿಂದ ಹೇಳಲಿಲ್ಲ. ನಾನು ಇಷ್ಟು ವರ್ಷ ಕಿರುಚಿ ಹೇಳಿದ್ದನ್ನು ಆಕೆ ಅಂಗಳದಲ್ಲಿ ನಿಂತು ಪಕ್ಕದ ಮನೆಯವರಿಗೆ ಹೇಳುವಂತೆ ಹೇಳಿದಳು. ಅವರು ಎರಡೂ ಅರ್ಧಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡುತ್ತ ಕೂತರು. ತಪ್ಪಾಯಿತು ಅನ್ನಲಿಲ್ಲ. ಆ ಮಾತು ಅವರ ಬಾಯಲ್ಲಿ ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮೇಜಿನ ಖಾನೆ ಎಳೆದು ದಬ್ಬಣ ಮತ್ತು ದಾರ ತೆಗೆದರು. ದಾರ ಪೋಣಿಸಲು ಆಗಲಿಲ್ಲ, ಕಣ್ಣು ಸೋತಿದ್ದವು. ನಾನು ಮುಂದಾಗುವ ಮೊದಲೇ ನೀಲವ್ವ ದಬ್ಬಣ ತೆಗೆದುಕೊಂಡು ಪೋಣಿಸಿ ಕೊಟ್ಟಳು. ಅವರು ಹೊಲಿದರು. ಹೊಲಿದು ಮುಗಿಸಿ, ದಾರವನ್ನು ಅದೇ ಚೂರಿಯಿಂದ ಕತ್ತರಿಸಿ, ಪುಸ್ತಕವನ್ನು ಹುಡುಗಿಯ ಕೈಗೆ ಕೊಟ್ಟ ಮೇಲೆ, "ಆದರೂ ಜೂನ್‌ದಾಗ ಸಾಲಿಗೆ ಹೋಗು" ಅಂದರು.

ಹುಡುಗಿ ಪುಸ್ತಕ ತೆರೆದವಳೇ ಕೊನೆಯ ಹಾಳೆಗೆ ಹೋದಳು. "ಏ, ಹಿಂದಿಂದ ಓದಬಾರದು!" ಎಂದು ಅವರು ಹಳೆಯ ದನಿಯಲ್ಲಿ ಗದರಿದರು.

"ಓದ್ಲಿ ಬಿಡ್ರಿ ಸರ್" ಎಂದಳು ನೀಲವ್ವ. "ಇಡೀದು ಆಕಿದ ಐತಿ."

ಅವರನ್ನು ನಾನು ಕಂಡದ್ದು ಅದೇ ಕೊನೆ. ಬಾಗಿಲವರೆಗೆ ಬಂದು ನಿಂತಿದ್ದರು. ಹಿಂದೆ ಟ್ರಂಕು ತೆರೆದೇ ಇತ್ತು, ಒಳಗೆ ಇನ್ನೂ ಎಷ್ಟೋ ಹೆಸರುಗಳು. ಆ ಹೆಸರಿನವರೆಲ್ಲ ಬಂದು ಒಯ್ದರೋ ಇಲ್ಲವೋ, ಸರ್ ಮನೆಯವರು ಟ್ರಂಕನ್ನು ಏನು ಮಾಡಿದರೋ, ಕೇಳುವ ಧೈರ್ಯ ನನಗಾಗಿಲ್ಲ.

ಬರುವಾಗ ಬಸ್ಸಿನಲ್ಲಿ ಹುಡುಗಿ ಕಿಟಕಿಯ ಬದಿಗೆ ಕೂತು ಈಗ ಮೊದಲಿನಿಂದ ಓದುತ್ತಿದ್ದಳು. ಅಮ್ಮನ ಬಾಯಲ್ಲಿ ಕೇಳಿದ ಕತೆಯಾದ್ದರಿಂದ ಹಾಳೆಗಳು ಬೇಗ ಬೇಗ ತಿರುಗುತ್ತಿದ್ದವು. ಬಸ್ಸು ಡೋಣಿ ಹೊಳೆ ದಾಟಿತು. ಬೇಸಿಗೆಯ ಹೊಳೆ, ಉಸುಕು ಮತ್ತು ಅಲ್ಲಲ್ಲಿ ನಿಂತ ನೀರು, ಡೋಣಿಯ ನೀರು ಮೊದಲಿನಿಂದಲೂ ಉಪ್ಪು. ಹಿಪ್ಪರಗಿ ದಾಟಿದ ಮೇಲೆ ಹುಡುಗಿ ಅರ್ಧ ದಾಟಿ ಸ್ವಲ್ಪ ದೂರ ಹೋಗಿದ್ದಳು. ಓದುತ್ತ ಓದುತ್ತ ಹಠಾತ್ತನೆ ನಿಂತು, ತಲೆಯೆತ್ತಿ, ಮುಖ ಚಿಕ್ಕದು ಮಾಡಿಕೊಂಡು, "ಅವ್ವಾ, ಇದರಾಗ ಆಕಿ" ಎಂದು ಶುರುಮಾಡಿದಳು.

ನೀಲವ್ವ ತನ್ನ ಅಂಗೈಯಿಂದ ಮಗಳ ಬಾಯಿ ಮುಚ್ಚಿದಳು.

"ನನಗ ಹೇಳಬ್ಯಾಡ. ನನ್ನಾಕಿ ದಾಟ್ಯಾಳ."